ಕಾರವಾರದ ಕಡಲತೀರದಲ್ಲಿ ಟ್ಯಾಗೋರ್ ಕಂಡದ್ದೇನು? ಬೆರಗು ಮತ್ತು ವಿಜ್ಞಾನ ಒಟ್ಟಿಗೆ ಬದುಕಿದ ಕಥೆ

ಅಂಕೋಲಾದಿಂದ ರಾಷ್ಟ್ರೀಯ ಹೆದ್ದಾರಿ 66 ಹಿಡಿದು ಉತ್ತರಕ್ಕೆ ಹೊರಟರೆ ಒಂದು ಗಂಟೆಯೊಳಗೆ ಕಾರವಾರ. ಊರಿಗೆ ತಾಗಿಕೊಂಡೇ ಇರುವ ಅಲ್ಲಿನ ಕಡಲತೀರಕ್ಕೆ ರವೀಂದ್ರನಾಥ ಟ್ಯಾಗೋರ್ ಅವರ ಹೆಸರಿಟ್ಟಿದ್ದಾರೆ. ಸೆಲ್ಫಿ ತೆಗೆಯುವವರು, ಮರಳಲ್ಲಿ ಆಡುವ ಮಕ್ಕಳು, ಸಂಜೆ ವಾಕಿಂಗ್‌ಗೆ ಬರುವವರು ಎಲ್ಲರಿಗೂ ಆ ಹೆಸರು ಗೊತ್ತು. ಆದರೆ ಕೋಲ್ಕತ್ತಾದ ಕವಿಗೂ ಕಾರವಾರಕ್ಕೂ ಏನು ಸಂಬಂಧ? ಅವರು ಇಲ್ಲಿಗೆ ಬಂದದ್ದು ನಿಜವೇ? ಗೀತಾಂಜಲಿ ಬರೆದದ್ದು ಇಲ್ಲೇ ಅಂತೆ, ಹೌದೇ?

ಚುಟುಕಾಗಿ ಉತ್ತರ ಹೀಗಿದೆ. ಟ್ಯಾಗೋರ್ ಕಾರವಾರಕ್ಕೆ ಬಂದದ್ದು ನಿಜ. ಆಗ 1883, ಅವರಿಗೆ 22 ವರ್ಷ. ಗೀತಾಂಜಲಿ ಮಾತ್ರ ಇಲ್ಲಿ ಬರೆದದ್ದಲ್ಲ. ಬಂಗಾಳಿ ಗೀತಾಂಜಲಿ ಬಂದದ್ದು 1910ರಲ್ಲಿ, ಇಂಗ್ಲಿಷ್ ಗೀತಾಂಜಲಿ 1912ರಲ್ಲಿ. ಕಾರವಾರದಲ್ಲಿ ಅವರು ಬರೆದದ್ದು ಪ್ರಕೃತಿರ್ ಪ್ರತಿಶೋಧ್ ಎಂಬ ನಾಟಕ. ಹೆಸರಿನ ಅರ್ಥ, ಪ್ರಕೃತಿಯ ಪ್ರತೀಕಾರ.

ಇಷ್ಟೇ ಆಗಿದ್ದರೆ ಈ ಲೇಖನ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಟ್ಯಾಗೋರ್ ಬದುಕನ್ನು ನೋಡಲು ಇನ್ನೊಂದು ಕಾರಣವಿದೆ. ವಿಜ್ಞಾನ ತಿಳಿದುಕೊಂಡರೆ ಬೆರಗು ಸತ್ತುಹೋಗುತ್ತದೆ ಎಂದು ನಮ್ಮಲ್ಲಿ ಅನೇಕರು ನಂಬಿದ್ದಾರೆ. ಕಾಮನಬಿಲ್ಲಿನ ಕಾರಣ ಗೊತ್ತಾದ ಮೇಲೆ ಅದರಲ್ಲಿ ಏನು ಸ್ವಾರಸ್ಯ ಅನ್ನುತ್ತಾರೆ. ಇದರ ಮತ್ತೊಂದು ಮುಖವೂ ಇದೆ. ಬೆರಗು ಬೇಕು ಎಂದು, ನಂಬಲಾಗದ ಪವಾಡದ ಸುದ್ದಿ ಬಂದ ಕೂಡಲೇ ಹತ್ತು ಗ್ರೂಪಿಗೆ ಕಳಿಸುತ್ತೇವೆ. ಈ ಎರಡೂ ತಪ್ಪು ಎಂದು ಬದುಕಿ ತೋರಿಸಿದವರು ಟ್ಯಾಗೋರ್. ಹೇಗೆ ಅಂತ ನೋಡೋಣ.

ಸೀಮೆಸುಣ್ಣದ ಗೆರೆಯೊಳಗಿನ ಹುಡುಗ

ರವೀಂದ್ರನಾಥ ಹುಟ್ಟಿದ್ದು 1861ರ ಮೇ 7ರಂದು, ಕೋಲ್ಕತ್ತಾದ ಜೋರಾಸಾಂಕೊ ಎಂಬಲ್ಲಿನ ದೊಡ್ಡ ಮನೆಯಲ್ಲಿ. ತಂದೆ ದೇವೇಂದ್ರನಾಥ, ತಾಯಿ ಶಾರದಾದೇವಿ. ದೊಡ್ಡ ಕುಟುಂಬದ ಕಿರಿಯ ಮಗ. ಶ್ರೀಮಂತರ ಮನೆ ಎಂದ ಮೇಲೆ ಮುದ್ದಿನಿಂದ ಬೆಳೆದಿರಬೇಕು ಎಂದು ನಾವು ಅಂದುಕೊಳ್ಳುತ್ತೇವೆ. ಹಾಗಿರಲಿಲ್ಲ. ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಆಳುಗಳದ್ದು. ಶ್ಯಾಮ ಎಂಬ ಆಳು ಹುಡುಗನನ್ನು ಒಂದು ಕಡೆ ಕೂರಿಸಿ, ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದು, ದಾಟಿದರೆ ಅಪಾಯ ಎಂದು ಹೆದರಿಸಿ ತನ್ನ ಕೆಲಸಕ್ಕೆ ಹೋಗಿಬಿಡುತ್ತಿದ್ದ. ರಾಮಾಯಣದಲ್ಲಿ ಸೀತೆ ಗೆರೆ ದಾಟಿದ್ದರಿಂದ ಏನಾಯಿತು ಎನ್ನುವುದು ಹುಡುಗನಿಗೆ ಗೊತ್ತಿತ್ತು. ಹಾಗಾಗಿ ದಾಟುತ್ತಿರಲಿಲ್ಲ.

ಅದೃಷ್ಟಕ್ಕೆ ಅಲ್ಲೊಂದು ಕಿಟಕಿ ಇತ್ತು. ಕೆಳಗೆ ಕೆರೆ, ದಂಡೆಯಲ್ಲಿ ಬಿಳಲು ಬಿಟ್ಟ ದೊಡ್ಡ ಆಲದ ಮರ. ಸ್ನಾನಕ್ಕೆ ಬರುವ ಒಬ್ಬೊಬ್ಬರದೂ ಒಂದೊಂದು ರೀತಿ. ಕಿವಿ ಮುಚ್ಚಿ ಮುಳುಗುವವರು, ಪಂಚೆಯಿಂದ ನೀರು ಹೊಯ್ದುಕೊಳ್ಳುವವರು, ಮೆಟ್ಟಿಲಿಂದಲೇ ಹಾರುವವರು. ಇಡೀ ದಿನ ಅದನ್ನೇ ನೋಡುತ್ತಿದ್ದ. ಮಧ್ಯಾಹ್ನ ಎಲ್ಲರೂ ಹೋದ ಮೇಲೆ ಆಲದ ಮರದ ಬುಡದ ಕತ್ತಲಲ್ಲಿ ಬೇರೆಯೇ ಒಂದು ಲೋಕ ಇದೆ ಎಂದು ಊಹಿಸಿಕೊಳ್ಳುತ್ತಿದ್ದ.

ಮನೆಯ ಮೂಲೆಯಲ್ಲಿ ಯಾರೂ ಬಳಸದ ಹಳೇ ಪಲ್ಲಕ್ಕಿ ಬಿದ್ದಿತ್ತು. ಅದರೊಳಗೆ ಬಾಗಿಲು ಹಾಕಿ ಕೂತರೆ ಪಲ್ಲಕ್ಕಿ ಕಾಡು ಮೇಡು ದಾಟಿ ಎಲ್ಲೆಲ್ಲಿಗೋ ಹೊರಡುತ್ತಿತ್ತು. ಜಗುಲಿಯ ಕಟಾಂಜನದ ಸರಳುಗಳೇ ಶಾಲೆಯ ಮಕ್ಕಳು, ಕೈಯಲ್ಲಿ ಕೋಲು ಹಿಡಿದ ತಾನೇ ಮಾಸ್ತರು. ಇನ್ನೊಂದು ಮೂಲೆಯಲ್ಲಿ ಸೀತಾಫಲದ ಬೀಜ ಊರಿ ದಿನಾ ನೀರು ಹಾಕುತ್ತಿದ್ದ. ಇಷ್ಟು ಚಿಕ್ಕ ಬೀಜದಿಂದ ಮರ ಆಗಬಹುದಲ್ಲ ಎನ್ನುವುದೇ ಅವನಿಗೆ ತಡೆಯಲಾಗದ ಅಚ್ಚರಿ.

ಆಟಿಕೆ ಇರಲಿಲ್ಲ, ಓಡಾಡುವ ಸ್ವಾತಂತ್ರ್ಯ ಇರಲಿಲ್ಲ. ಇದ್ದದ್ದು ಬೇಕಾದಷ್ಟು ಸಮಯ ಮತ್ತು ಒಂದು ಕಿಟಕಿ. ಇದನ್ನು ಓದಿ, ಮಕ್ಕಳನ್ನು ಕೂಡಿಹಾಕಿದರೆ ಕವಿಗಳಾಗುತ್ತಾರೆ ಎಂದುಕೊಳ್ಳಬೇಡಿ. ಆ ಬಂಧನದ ನೋವನ್ನು ಟ್ಯಾಗೋರ್ ಕೊನೆಯವರೆಗೂ ಮರೆಯಲಿಲ್ಲ. ಮುಂದೆ ತಾವೇ ಶಾಲೆ ತೆರೆದಾಗ ಮರದ ಕೆಳಗೆ ಪಾಠ ಮಾಡಿಸಿದ್ದರ ಹಿಂದೆ ಈ ನೋವಿದೆ.

ರವಿವಾರದ ಪ್ರಯೋಗ: ಬಿಸಿ ನೀರು, ಮರದ ಹೊಟ್ಟು

ಶಾಲೆ ಎಂದರೆ ಹುಡುಗನಿಗೆ ಆಗದು. ನಾಲ್ಕು ಶಾಲೆ ಬದಲಾಯಿಸಿದರೂ ಒಂದರಲ್ಲೂ ನಿಲ್ಲಲಿಲ್ಲ. ಆದರೆ ಒಂಬತ್ತು ಹತ್ತನೇ ವಯಸ್ಸಿನಲ್ಲಿ ಒಬ್ಬ ಮೇಷ್ಟ್ರಿಗಾಗಿ ಮಾತ್ರ ಕಾಯುತ್ತಿದ್ದ. ಅವರ ಹೆಸರು ಸೀತಾನಾಥ ದತ್ತ. ಕೆಲವು ರವಿವಾರ ಮನೆಗೆ ಬಂದು ಸಣ್ಣ ಸಣ್ಣ ವಿಜ್ಞಾನದ ಪ್ರಯೋಗ ತೋರಿಸುತ್ತಿದ್ದರು. ಅವರು ಬಾರದ ರವಿವಾರ ಹುಡುಗನಿಗೆ ರವಿವಾರವೇ ಅಲ್ಲ.

ಒಂದು ದಿನ ಗಾಜಿನ ಪಾತ್ರೆಯಲ್ಲಿ ನೀರು ಹಾಕಿ, ಅದಕ್ಕೆ ಮರದ ಹೊಟ್ಟು ಬೆರೆಸಿ, ಕೆಳಗಿನಿಂದ ಕಾಯಿಸಿದರು. ಕೆಳಗಿನ ನೀರು ಬಿಸಿಯಾಗಿ ಹಗುರಾಗಿ ಮೇಲೇರಿತು. ಮೇಲಿನ ತಣ್ಣನೆಯ ನೀರು ಭಾರವಾಗಿ ಕೆಳಗಿಳಿಯಿತು. ನೀರು ಹರಿಯುವುದು ಬರಿಗಣ್ಣಿಗೆ ಕಾಣದು, ಆದರೆ ಹೊಟ್ಟು ಸುತ್ತುವುದು ಕಾಣುತ್ತದೆ. ದಿನಾ ಕುದಿಯುವ ನೀರಿನೊಳಗೆ ಹೀಗೊಂದು ಓಡಾಟ ನಡೆಯುತ್ತಿದೆ ಎಂದು ತಿಳಿದಾಗ ಹುಡುಗನಿಗೆ ಆದ ಆಶ್ಚರ್ಯವನ್ನು ಟ್ಯಾಗೋರ್ ಎಪ್ಪತ್ತು ದಾಟಿದ ಮೇಲೂ ನೆನಪು ಮಾಡಿಕೊಂಡು ಬರೆದರು.

ಇದನ್ನು ಸಂವಹನ ಎನ್ನುತ್ತಾರೆ. ಈ ಪ್ರಯೋಗವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಕಾರವಾರದಲ್ಲಿ ಮತ್ತೆ ಬರುತ್ತದೆ.

ಅಪ್ಪ ಬೈಯಲಿಲ್ಲ

1873ರಲ್ಲಿ ತಂದೆ ಮಗನನ್ನು ದೂರದ ಪ್ರಯಾಣಕ್ಕೆ ಕರೆದೊಯ್ದರು. ಮೊದಲು ಬೋಲ್ಪುರದ ಹತ್ತಿರದ ಶಾಂತಿನಿಕೇತನ. ಮಳೆನೀರು ಕೊರೆದ ಕೆಂಪು ಮಣ್ಣಿನ ಕೊರಕಲುಗಳಲ್ಲಿ ಹುಡುಗ ಒಬ್ಬನೇ ತಿರುಗಿ, ಬಗೆಬಗೆಯ ಕಲ್ಲು ಆರಿಸಿ ಅಂಗಿಯ ತುಂಬ ತುಂಬಿಕೊಂಡು ಬರುತ್ತಿದ್ದ. ನಮ್ಮ ಮನೆಗಳಲ್ಲಾದರೆ ಈ ಕಸ ಎಲ್ಲಿಂದ ತಂದೆ ಎಂಬ ಪ್ರಶ್ನೆ ಬರುತ್ತಿತ್ತು. ದೇವೇಂದ್ರನಾಥರು ಒಂದೊಂದನ್ನೂ ನೋಡಿ ಮೆಚ್ಚಿದರು. ಅಲ್ಲಿದ್ದ ಮಣ್ಣಿನ ದಿಬ್ಬವನ್ನು ಇವುಗಳಿಂದ ಅಲಂಕರಿಸು ಎಂದು ಕೆಲಸವನ್ನೂ ಕೊಟ್ಟರು.

ಅಲ್ಲಿಂದ ಅಮೃತಸರ, ನಂತರ ಹಿಮಾಲಯದ ಡಾಲ್‌ಹೌಸಿ. ದಾರಿಯಲ್ಲಿ ರಾತ್ರಿ ತಂಗಿದಲ್ಲಿ ಅಂಗಳದಲ್ಲಿ ಕುರ್ಚಿ ಹಾಕಿ ಕೂತು ತಂದೆ ನಕ್ಷತ್ರ ತೋರಿಸುತ್ತಿದ್ದರು. ಯಾವುದು ಗ್ರಹ, ಯಾವುದು ನಕ್ಷತ್ರ, ಸೂರ್ಯನಿಂದ ಎಷ್ಟು ದೂರ, ಒಂದು ಸುತ್ತಿಗೆ ಎಷ್ಟು ಕಾಲ ಎಂದು ವಿವರಿಸುತ್ತಿದ್ದರು. ಹುಡುಗ ಕೇಳಿದ್ದನ್ನೆಲ್ಲ ಸೇರಿಸಿ ಒಂದು ಲೇಖನ ಬರೆದ. ಟ್ಯಾಗೋರ್ ಅವರ ಮಾತಿನ ಪ್ರಕಾರ, ಅವರು ಮೊದಲ ಬಾರಿ ಸಾಲಾಗಿ ಕೂತು ಬರೆದ ಗದ್ಯ ವಿಜ್ಞಾನದ ವಿಷಯದ್ದು. ಮುಂದೆ ನೊಬೆಲ್ ಪಡೆದ ಕವಿಯ ಕೈ ಪಳಗಿದ್ದು ಗ್ರಹಗಳ ಸುದ್ದಿ ಬರೆದು ಎನ್ನುವುದು ಹೆಚ್ಚು ಜನಕ್ಕೆ ಗೊತ್ತಿಲ್ಲ.

ಡಾರ್ಜಿಲಿಂಗ್‌ನಲ್ಲಿ ಸಿಗಲಿಲ್ಲ

21ನೇ ವಯಸ್ಸಿನ ಹೊತ್ತಿಗೆ ಅವರಿಗೊಂದು ಅನುಭವವಾಯಿತು. ಕೋಲ್ಕತ್ತಾದ ಸಡರ್ ಸ್ಟ್ರೀಟ್‌ನ ಮನೆಯ ಜಗುಲಿಯಲ್ಲಿ ಬೆಳಿಗ್ಗೆ ನಿಂತಿದ್ದರು. ಎದುರಿನ ಮರಗಳ ಮೇಲೆ ಸೂರ್ಯ ಹುಟ್ಟುತ್ತಿದ್ದ. ಒಮ್ಮೆಲೇ ಕಣ್ಣಿನ ಮುಂದಿದ್ದ ಪರದೆ ಸರಿದಂತಾಗಿ ಎಲ್ಲವೂ ಹೊಸದಾಗಿ, ಚೆಂದವಾಗಿ ಕಂಡವು. ದಾರಿಹೋಕರು, ಕೂಲಿಯವರು, ತಾಯಿ ಮಗು, ಹೆಗಲ ಮೇಲೆ ಕೈ ಹಾಕಿ ನಡೆಯುವ ಗೆಳೆಯರು, ಎಲ್ಲರನ್ನೂ ಬೆರಗಿನಿಂದ ನೋಡಿದರು. ನಾಲ್ಕು ದಿನ ಹೀಗೇ ಇತ್ತು.

ಅದಾದ ಮೇಲೆ ಮನೆಯವರ ಜೊತೆ ಡಾರ್ಜಿಲಿಂಗ್‌ಗೆ ಹೋದರು. ಗಲ್ಲಿಯಲ್ಲೇ ಇಷ್ಟು ಕಂಡಿದ್ದು ಹಿಮಾಲಯದಲ್ಲಿ ಇನ್ನೆಷ್ಟು ಕಂಡೀತು ಎಂಬ ಆಸೆ. ಆದರೆ ಅಲ್ಲಿ ಏನೂ ಆಗಲಿಲ್ಲ. ಪರ್ವತ ಎಷ್ಟೇ ಎತ್ತರ ಇರಲಿ, ಕೈಯೆತ್ತಿ ಕೊಡಲು ಅದರ ಹತ್ತಿರ ಏನೂ ಇಲ್ಲ ಎನ್ನುವುದು ಅವರಿಗೆ ಅರ್ಥವಾಯಿತು.

ಪ್ರವಾಸದ ರೀಲ್ಸ್ ನೋಡಿ, ಅಲ್ಲಿಗೆ ಹೋದರೆ ಮಾತ್ರ ಬದುಕು ಬದಲಾಗುತ್ತದೆ ಎಂದುಕೊಳ್ಳುವ ನಮಗೆ ಇದು ತಿಳಿದಿರಬೇಕಾದ ಸಂಗತಿ. ಜಾಗ ದೊಡ್ಡದಾದ ಮಾತ್ರಕ್ಕೆ ಬೆರಗು ಹುಟ್ಟುವುದಿಲ್ಲ.

ಕಾರವಾರ, 1883

ರವೀಂದ್ರನಾಥರ ಅಣ್ಣ ಸತ್ಯೇಂದ್ರನಾಥ ಟ್ಯಾಗೋರ್ ಐಸಿಎಸ್ ಪರೀಕ್ಷೆ ಪಾಸು ಮಾಡಿದ ಮೊದಲ ಭಾರತೀಯ. ಅದು 1863ರಲ್ಲಿ. ಅವರ ನೌಕರಿ ಬಾಂಬೆ ಪ್ರಾಂತ್ಯದಲ್ಲಿ. ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ಬಾಂಬೆ ಪ್ರಾಂತ್ಯಕ್ಕೆ ಸೇರಿತ್ತು. ಹೀಗಾಗಿ ಬಂಗಾಳದ ಅಧಿಕಾರಿಯೊಬ್ಬರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾದರು. ಅಣ್ಣನ ಮನೆಗೆ ತಮ್ಮ ಬಂದ. ಸಂಬಂಧ ಇಷ್ಟೇ ಸರಳ.

ಆಗ ಕೊಂಕಣ ರೈಲ್ವೆ ಇಲ್ಲ, ಹೆದ್ದಾರಿ ಇಲ್ಲ, ಸೀಬರ್ಡ್ ನೌಕಾನೆಲೆ ಇಲ್ಲ. ಅರ್ಧಚಂದ್ರದ ಹಾಗೆ ಬಾಗಿದ ತೀರ, ಸುತ್ತ ಗುಡ್ಡ, ಒಂದು ತುದಿಯಲ್ಲಿ ಕಾಳಿ ನದಿ ಸಮುದ್ರ ಸೇರುವ ಜಾಗ, ಮರಳಿನ ಅಂಚಿಗೆ ಗಾಳಿಮರದ ಸಾಲು. ಈ ಚಿತ್ರವನ್ನು ಟ್ಯಾಗೋರ್ ತಮ್ಮ ನೆನಪುಗಳ ಪುಸ್ತಕ ಜೀವನಸ್ಮೃತಿಯಲ್ಲಿ ಬರೆದಿಟ್ಟಿದ್ದಾರೆ.

ಅದರಲ್ಲಿ ಒಂದು ರಾತ್ರಿಯ ವಿವರ ಬರುತ್ತದೆ. ಬೆಳದಿಂಗಳ ಸಂಜೆ ಎಲ್ಲರೂ ಸಣ್ಣ ದೋಣಿಯಲ್ಲಿ ಕಾಳಿ ನದಿಯ ಮೇಲ್ಮುಖವಾಗಿ ಹೋದರು. ಗುಡ್ಡದ ಮೇಲಿನ ಹಳೇ ಕೋಟೆಯೊಂದರ ಹತ್ತಿರ ಇಳಿದು, ಒಬ್ಬ ರೈತನ ಮನೆಯ ಗುಡಿಸಿ ಸಾರಿಸಿದ ಅಂಗಳದಲ್ಲಿ ಕೂತು, ಕಟ್ಟಿಕೊಂಡು ಹೋದ ಬುತ್ತಿ ಉಂಡರು. ವಾಪಸು ಬರುವಾಗ ದೋಣಿಯನ್ನು ಹರಿವಿಗೆ ಬಿಟ್ಟರು. ನದೀಮುಖ ತಲುಪುವಷ್ಟರಲ್ಲಿ ತುಂಬ ಹೊತ್ತಾಗಿತ್ತು. ಅಲ್ಲಿಂದ ಮರಳಿನ ಮೇಲೆ ನಡೆದೇ ಮನೆಗೆ ಹೊರಟರು. ಸಮುದ್ರದಲ್ಲಿ ಅಲೆ ಇಲ್ಲ. ಯಾವಾಗಲೂ ಸುಯ್ಯೆನ್ನುವ ಗಾಳಿಮರಗಳೂ ಸುಮ್ಮನಾಗಿದ್ದವು. ಮರಳೆಲ್ಲ ಬೆಳ್ಳಗೆ, ಗುಡ್ಡಗಳು ನೀಲಿ ಬೂದು. ಯಾರೂ ಮಾತಾಡಲಿಲ್ಲ. ಮನೆಗೆ ಬಂದರೂ ಅವರಿಗೆ ನಿದ್ದೆ ಹತ್ತಲಿಲ್ಲ. ಆ ರಾತ್ರಿಯ ಮೇಲೆ ಕವಿತೆ ಬರೆದರು.

ಆ ರಾತ್ರಿ ಗಾಳಿಮರ ಯಾಕೆ ಸುಮ್ಮನಿತ್ತು?

ಕವಿ ಕಂಡದ್ದು ಬರೀ ಕಲ್ಪನೆಯೇ? ಅಲ್ಲ. ಅವರು ಬರೆದ ಒಂದೊಂದು ವಿವರಕ್ಕೂ ಕಾರಣ ಕೊಡಬಹುದು.

ಮೊದಲು ಗಾಳಿಮರದ ಸದ್ದು. ಈ ಮರ ನಮ್ಮದಲ್ಲ, ಆಸ್ಟ್ರೇಲಿಯಾ ಮತ್ತು ಆಗ್ನೇಯ ಏಷ್ಯಾದ ತೀರಗಳದ್ದು. 1868ರಲ್ಲಿ ಅರಣ್ಯ ಇಲಾಖೆ ಇದನ್ನು ಕಾರವಾರದ ಕಡೆ ನೆಡಲು ಶುರುಮಾಡಿತು. ಅಂದರೆ ಟ್ಯಾಗೋರ್ ನೋಡಿದಾಗ ಇಲ್ಲಿನ ಗಾಳಿಮರಗಳಿಗೆ ಹೆಚ್ಚೆಂದರೆ ಹದಿನೈದು ವರ್ಷ. ಅದರ ಸೂಜಿಯಂಥ ಎಲೆ ಎಂದು ನಾವು ಅಂದುಕೊಂಡಿರುವುದು ಎಲೆಯೇ ಅಲ್ಲ, ತೆಳ್ಳನೆಯ ಕೊಂಬೆ. ನಿಜವಾದ ಎಲೆಗಳು ಅದರ ಗೆಣ್ಣುಗಳಲ್ಲಿ ಹಲ್ಲಿನಂತೆ ಸುತ್ತ ಅಂಟಿಕೊಂಡ ಚಿಕ್ಕ ಚಿಕ್ಕ ಚೂರುಗಳು. ಗೆಣ್ಣು ಬಿಡಿಸಿ ಮತ್ತೆ ಜೋಡಿಸಿ, ಎಲ್ಲಿ ಮುರಿದಿದ್ದೆ ಹೇಳು ಎಂದು ಮಕ್ಕಳು ಆಡುವುದು ಇದರಲ್ಲೇ.

ಗಾಳಿ ಇಂಥ ತೆಳ್ಳನೆಯ ಕಡ್ಡಿಯನ್ನು ದಾಟುವಾಗ ಅದರ ಹಿಂದೆ ಪುಟ್ಟ ಸುಳಿಗಳು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಹುಟ್ಟುತ್ತವೆ. ಒಂದು ಸೆಕೆಂಡಿಗೆ ನೂರಾರು, ಸಾವಿರಾರು ಸಲ ಹೀಗಾದಾಗ ಅದು ಕಿವಿಗೆ ಸದ್ದಾಗಿ ಕೇಳುತ್ತದೆ. ಕರೆಂಟ್ ತಂತಿ ಗಾಳಿಗೆ ಹಾಡುವುದೂ ಹೀಗೇ. ಗಾಳಿ ಜೋರಾದಷ್ಟೂ, ಕಡ್ಡಿ ತೆಳುವಾದಷ್ಟೂ ಸ್ವರ ಏರುತ್ತದೆ. ಒಂದು ಮಿಲಿಮೀಟರ್ ದಪ್ಪದ ಕಡ್ಡಿಗೆ ಸೆಕೆಂಡಿಗೆ 5 ಮೀಟರ್ ವೇಗದ ಗಾಳಿ ಬೀಸಿದರೆ ಹುಟ್ಟುವ ಸ್ವರ ಸುಮಾರು 1,000 ಹರ್ಟ್ಸ್. ಒಂದು ಮರದಲ್ಲಿ ಇಂಥ ಸಾವಿರಾರು ಕಡ್ಡಿಗಳು ಸೇರಿ ಆ ಸುಯ್ ಎನ್ನುವ ಸದ್ದಾಗುತ್ತದೆ.

ಹಾಗಾದರೆ ಗಾಳಿ ನಿಂತದ್ದೇಕೆ? ಇಲ್ಲಿ ಹೊಟ್ಟಿನ ಪ್ರಯೋಗ ನೆನಪಿಸಿಕೊಳ್ಳಿ. ಹಗಲಲ್ಲಿ ನೆಲ ಬೇಗ ಕಾಯುತ್ತದೆ, ಸಮುದ್ರ ನಿಧಾನವಾಗಿ ಕಾಯುತ್ತದೆ. ನೆಲದ ಮೇಲಿನ ಗಾಳಿ ಬಿಸಿಯಾಗಿ ಮೇಲೇರಿದಾಗ ಆ ಜಾಗಕ್ಕೆ ಕಡಲಿನಿಂದ ತಂಪು ಗಾಳಿ ನುಗ್ಗುತ್ತದೆ. ರಾತ್ರಿ ಇದು ಉಲ್ಟಾ. ನೆಲ ಬೇಗ ತಣಿಯುತ್ತದೆ, ಗಾಳಿ ನೆಲದಿಂದ ಕಡಲ ಕಡೆ ಹರಿಯುತ್ತದೆ. ಒಂದು ನಿಂತು ಇನ್ನೊಂದು ಶುರುವಾಗುವ ನಡುವೆ ಗಾಳಿ ಹೆಚ್ಚುಕಡಿಮೆ ಇಲ್ಲದ ಹೊತ್ತು ಬರುತ್ತದೆ. ರಾತ್ರಿಯ ನೆಲಗಾಳಿ ಸಾಮಾನ್ಯವಾಗಿ ಹಗಲಿನ ಕಡಲಗಾಳಿಗಿಂತ ಮೆತ್ತಗಿರುತ್ತದೆ ಕೂಡ. ಜೋರಾಸಾಂಕೊದ ಗಾಜಿನ ಪಾತ್ರೆಯಲ್ಲಿ ಹುಡುಗ ನೋಡಿದ್ದು, ಕಾರವಾರದಲ್ಲಿ ಆಕಾಶದಷ್ಟು ದೊಡ್ಡ ಪಾತ್ರೆಯಲ್ಲಿ ನಡೆಯುತ್ತಿತ್ತು.

ಇನ್ನು ಬೆಳ್ಳನೆಯ ಮರಳು, ನೀಲಿ ಬೂದು ಗುಡ್ಡ. ಹುಣ್ಣಿಮೆಯ ಬೆಳಕು ಸೂರ್ಯನ ಬೆಳಕಿಗಿಂತ ಸುಮಾರು 4 ಲಕ್ಷ ಪಟ್ಟು ಮಂದ. ನಮ್ಮ ಕಣ್ಣಿನ ಹಿಂಪರದೆಯಲ್ಲಿ ಎರಡು ಬಗೆಯ ಕೋಶಗಳಿವೆ. ಬಣ್ಣ ಗುರುತಿಸುವ ಶಂಕುಕೋಶಗಳಿಗೆ ಬೆಳಕು ಹೆಚ್ಚು ಬೇಕು. ಮಂದ ಬೆಳಕಲ್ಲಿ ಕೆಲಸ ಮಾಡುವ ದಂಡಕೋಶಗಳಿಗೆ ಬಣ್ಣ ತಿಳಿಯದು. ಹಾಗಾಗಿ ಬೆಳದಿಂಗಳಲ್ಲಿ ಕೆಂಪು, ಹಸಿರು ಮಾಸಿ ಎಲ್ಲವೂ ಬಿಳಿ, ಬೂದು, ಸ್ವಲ್ಪ ನೀಲಿಯಾಗಿ ಕಾಣುತ್ತದೆ. ಹಸಿರು ಗುಡ್ಡ ಹಾಗೆ ಕಂಡದ್ದು ಅವರ ಕಣ್ಣಿಗೆ ಮಾತ್ರ ಅಲ್ಲ. ಅದೇ ಬೆಳದಿಂಗಳಲ್ಲಿ ನಿಂತಿದ್ದರೆ ನಿಮಗೂ ಹಾಗೇ ಕಾಣುತ್ತಿತ್ತು.

ಈಗ ಹೇಳಿ, ಇಷ್ಟು ತಿಳಿದ ಮೇಲೆ ಆ ರಾತ್ರಿಯ ಚೆಲುವು ಕಡಿಮೆಯಾಯಿತೇ?

ಕೆಲವು ವರ್ಷಗಳ ಹಿಂದೆ ಇದೇ ತೀರದಲ್ಲಿ ರಾತ್ರಿ ಅಲೆಗಳು ನೀಲಿಯಾಗಿ ಹೊಳೆದಾಗ ಅದರ ವಿಡಿಯೊ ಎಲ್ಲ ಕಡೆ ಓಡಾಡಿತು. ಅದು ಪವಾಡವಲ್ಲ. ನಾಕ್ಟಿಲೂಕ ಎಂಬ ಸೂಕ್ಷ್ಮಜೀವಿ ಗುಂಪಾಗಿ ಬೆಳೆದಾಗ, ನೀರು ಕದಡಿದರೆ ಅದರ ಮೈಯೊಳಗಿನ ರಾಸಾಯನಿಕ ಕ್ರಿಯೆಯಿಂದ ಬೆಳಕು ಹೊಮ್ಮುತ್ತದೆ. ಒಂದೇ ಕೋಶದ ಜೀವಿ, ಕೋಟಿಗಟ್ಟಲೆ ಸೇರಿ ಕಡಲಿಗೇ ದೀಪ ಹಚ್ಚುತ್ತದೆ. ಕಾರಣ ಗೊತ್ತಾದ ಮೇಲೂ ಇದು ಬೆರಗಲ್ಲವೇ?

ಸನ್ಯಾಸಿ ಮತ್ತು ಪುಟ್ಟ ಹುಡುಗಿ

ಕಾರವಾರದಲ್ಲಿ ಬರೆದ ನಾಟಕದ ಕಥೆ ಹೀಗಿದೆ. ಒಬ್ಬ ಸನ್ಯಾಸಿ ಗುಹೆಯಲ್ಲಿ ತಪಸ್ಸು ಮಾಡಿ, ಎಲ್ಲ ಬಂಧ ಕಡಿದುಕೊಂಡು ಪ್ರಕೃತಿಯನ್ನೇ ಗೆದ್ದೆ ಎಂದುಕೊಂಡಿದ್ದಾನೆ. ಊರವರು ಮುಟ್ಟಬಾರದವಳು ಎಂದು ದೂರ ಇಟ್ಟ ಅನಾಥ ಹುಡುಗಿಯೊಬ್ಬಳು ಅವನನ್ನು ಅಪ್ಪ ಎಂದು ನಂಬಿ ಹತ್ತಿರ ಬರುತ್ತಾಳೆ. ಸಣ್ಣ ಸಣ್ಣ ವಸ್ತುಗಳಲ್ಲಿ ಅವಳಿಗೆ ಸಂತೋಷ. ಮಮತೆ ಅಂಟೀತೆಂದು ಹೆದರಿ ಸನ್ಯಾಸಿ ಅವಳನ್ನು ಬಿಟ್ಟು ಓಡುತ್ತಾನೆ. ಇರಲಾಗದೆ ದಂಡ ಕಮಂಡಲ ಎಸೆದು ವಾಪಸು ಬರುವಾಗ ಅವಳು ಬದುಕಿಲ್ಲ.

ದೊಡ್ಡದು ಚಿಕ್ಕದರಲ್ಲೇ ಇದೆ, ಲೋಕವನ್ನು ಬಿಟ್ಟು ಹೋದರೆ ಸತ್ಯ ಸಿಗದು ಎನ್ನುವುದು ನಾಟಕದ ತಿರುಳು. ತಾವು ಮುಂದೆ ಬರೆದ ಎಲ್ಲದಕ್ಕೂ ಇದೇ ಮುನ್ನುಡಿ ಎಂದು ಟ್ಯಾಗೋರ್ ಭಾವಿಸಿದ್ದರು. ಕಾರವಾರದಿಂದ ಹಡಗಿನಲ್ಲಿ ಹಿಂದಿರುಗುವಾಗ ನಾಟಕದ ಕೆಲವು ಹಾಡು ಬರೆದರು. ಅದೇ ವರ್ಷ ಡಿಸೆಂಬರ್ 9ರಂದು ಮೃಣಾಲಿನಿಯವರ ಜೊತೆ ಅವರ ಮದುವೆಯಾಯಿತು. ನಾಟಕ 1884ರಲ್ಲಿ ಪ್ರಕಟವಾಯಿತು.

ದುಃಖದ ನಡುವೆ ಮಕ್ಕಳ ಕವಿತೆ

ಮಗುವಿನ ಕಣ್ಣು ಉಳಿಸಿಕೊಳ್ಳುವುದು ಸುಖವಾಗಿದ್ದವರಿಗೆ ಸಾಧ್ಯ, ನಮಗೆಲ್ಲಿ ಎಂದು ಅನಿಸಬಹುದು. ಟ್ಯಾಗೋರ್ ಬದುಕು ಸುಖದ್ದಾಗಿರಲಿಲ್ಲ. 1901ರಲ್ಲಿ ಶಾಂತಿನಿಕೇತನದಲ್ಲಿ ಬೆರಳೆಣಿಕೆಯ ಮಕ್ಕಳನ್ನು ಇಟ್ಟುಕೊಂಡು ಶಾಲೆ ತೆರೆದರು. ಮರುವರ್ಷ ಹೆಂಡತಿ ತೀರಿಕೊಂಡರು. 1903ರಲ್ಲಿ ಮಗಳು ರೇಣುಕಾ ಕಾಯಿಲೆಯಿಂದ ಹೋದಳು. ಅವಳನ್ನು ಹವೆ ಬದಲಾವಣೆಗೆಂದು ಬೆಟ್ಟಕ್ಕೆ ಕರೆದೊಯ್ದು ಆರೈಕೆ ಮಾಡುತ್ತಿದ್ದಾಗಲೇ ಶಿಶು ಸಂಕಲನದ ಎಷ್ಟೋ ಕವಿತೆ ಬರೆದರು. 1907ರಲ್ಲಿ ಕಿರಿಯ ಮಗ ಶಮೀಂದ್ರ ಕಾಲರಾದಿಂದ ತೀರಿಕೊಂಡ.

1911ರಲ್ಲಿ ಬರೆದ ಡಾಕ್‌ಘರ್ ನಾಟಕದಲ್ಲಿ ಅಮಲ್ ಎಂಬ ಕಾಯಿಲೆ ಹುಡುಗ ಹೊರಗೆ ಹೋಗುವಂತಿಲ್ಲ. ಕಿಟಕಿಯ ಬಳಿ ಕೂತು ದಾರಿಯಲ್ಲಿ ಹೋಗುವ ಮೊಸರು ಮಾರುವವನನ್ನು, ಕಾವಲುಗಾರನನ್ನು, ಹೂ ಆರಿಸುವ ಹುಡುಗಿಯನ್ನು ಮಾತಾಡಿಸುತ್ತಾನೆ. ಅವರು ಹೇಳಿದ್ದರಿಂದಲೇ ದೂರದ ಊರುಗಳನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳುತ್ತಾನೆ. ಸೀಮೆಸುಣ್ಣದ ಗೆರೆಯೊಳಗಿನ ಹುಡುಗ ಮತ್ತೆ ಇಲ್ಲಿ ಬಂದಿದ್ದಾನೆ.

ಈ ನಾಟಕ 1942ರ ಜುಲೈ 18ರಂದು ಪೋಲೆಂಡಿನ ವಾರ್ಸಾದಲ್ಲಿ, ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ಗೆಟ್ಟೊದಲ್ಲಿ ನಡೆಯಿತು. ನಡೆಸಿದವರು ಅನಾಥಾಲಯದ ಮಕ್ಕಳು, ನಡೆಸಲು ಹೇಳಿದವರು ಅದರ ಮುಖ್ಯಸ್ಥ, ಮಕ್ಕಳ ವೈದ್ಯ ಯಾನುಷ್ ಕೊರ್ಚಾಕ್. ಮೂರು ವಾರದೊಳಗೆ ಕೊರ್ಚಾಕ್ ಮತ್ತು ಸುಮಾರು 200 ಮಕ್ಕಳನ್ನು ಟ್ರೆಬ್ಲಿಂಕಾಕ್ಕೆ ಸಾಗಿಸಿ ಕೊಂದರು. ಸಾವನ್ನು ಹೆದರದೆ ನೋಡಲು ಮಕ್ಕಳಿಗೆ ಏನಾದರೂ ಬೇಕು ಎಂದು ಆ ವೈದ್ಯ ಯೋಚಿಸಿದಾಗ ಸಿಕ್ಕಿದ್ದು ಅಮಲ್‌ನ ಕಿಟಕಿ.

1934: ಭೂಕಂಪ ಯಾರ ಪಾಪ?

ಈಗ ಈ ಲೇಖನದ ಮುಖ್ಯ ಸಂಗತಿಗೆ ಬರೋಣ. 1934ರ ಜನವರಿ 15ರಂದು ಬಿಹಾರ ಮತ್ತು ನೇಪಾಳದಲ್ಲಿ ಭಾರಿ ಭೂಕಂಪವಾಯಿತು. ತೀವ್ರತೆ ಸುಮಾರು 8. ಸತ್ತವರು 10 ಸಾವಿರಕ್ಕೂ ಹೆಚ್ಚು. ಗಾಂಧೀಜಿ ಆಗ ಅಸ್ಪೃಶ್ಯತೆಯ ವಿರುದ್ಧ ದೇಶ ಸುತ್ತುತ್ತಿದ್ದರು. ಈ ಭೂಕಂಪ ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದು ಅವರು ಹೇಳಿದರು.

ಟ್ಯಾಗೋರ್‌ಗೆ ಗಾಂಧೀಜಿಯ ಮೇಲೆ ಅಪಾರ ಗೌರವ. ಅಸ್ಪೃಶ್ಯತೆಯ ವಿಷಯದಲ್ಲಿ ಇಬ್ಬರದೂ ಒಂದೇ ನಿಲುವು. ಆದರೂ ಅವರು ಬಹಿರಂಗವಾಗಿ ವಿರೋಧಿಸಿದರು. ಭೌತಿಕ ಘಟನೆಗೆ ಭೌತಿಕ ಕಾರಣವೇ ಇರಬೇಕು, ನೀತಿ ಅನೀತಿಯನ್ನು ಅದಕ್ಕೆ ಗಂಟು ಹಾಕಬಾರದು ಎಂಬುದು ಅವರ ವಾದ. ಇವತ್ತು ಒಳ್ಳೆಯ ಉದ್ದೇಶಕ್ಕೆ ಈ ತರ್ಕ ಬಳಸಿದರೆ, ನಾಳೆ ಎದುರು ಪಕ್ಷದವರು ಇದೇ ತರ್ಕ ಹಿಡಿದು ಗಾಂಧೀಜಿಯ ಸುಧಾರಣೆಯಿಂದಲೇ ಭೂಮಿ ನಡುಗಿತು ಅನ್ನಬಹುದಲ್ಲ ಎಂದರು. ಗಾಂಧೀಜಿ ಈ ವಿರೋಧವನ್ನು ಮುಚ್ಚಿಡಲಿಲ್ಲ. ಫೆಬ್ರವರಿಯಲ್ಲಿ ತಮ್ಮ ಹರಿಜನ ಪತ್ರಿಕೆಯಲ್ಲೇ ಅಚ್ಚು ಹಾಕಿ, ಜೊತೆಗೆ ತಮ್ಮ ಉತ್ತರ ಕೊಟ್ಟರು. ಭಿನ್ನಾಭಿಪ್ರಾಯ ಉಳಿಯಿತು, ಸ್ನೇಹವೂ ಉಳಿಯಿತು.

ಗಮನಿಸಿ, 1934ರಲ್ಲಿ ಭೂಕಂಪದ ನಿಜವಾದ ಕಾರಣ ಟ್ಯಾಗೋರ್‌ಗೂ ಗೊತ್ತಿರಲಿಲ್ಲ. ಭಾರತದ ಭೂಫಲಕ ಹಿಮಾಲಯದ ಅಡಿಗೆ ನುಗ್ಗುತ್ತಿದೆ ಎಂಬ ವಿವರಣೆಯನ್ನು ವಿಜ್ಞಾನಿಗಳು ಒಪ್ಪಿದ್ದು ಅದಾದ ಎಷ್ಟೋ ವರ್ಷಗಳ ಮೇಲೆ. ಕಾರಣ ಗೊತ್ತಿಲ್ಲದಿದ್ದರೆ ಹುಡುಕಬೇಕು, ಸುಳ್ಳು ಕಾರಣ ತುಂಬಬಾರದು ಎಂಬುದಷ್ಟೇ ಅವರ ಹಟ. ಲೋಕವನ್ನೇ ಬೆರಗಿನಿಂದ ನೋಡಿದ ಕವಿ, ಬೆರಗಿಗೂ ಮೂಢನಂಬಿಕೆಗೂ ನಡುವೆ ಸ್ಪಷ್ಟ ಗೆರೆ ಎಳೆದರು.

ಇದು ನಮಗೆ ದೂರದ ಮಾತಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ, ಗಂಗಾವಳಿ ನದಿಯೊಳಗೆ ಬಿತ್ತು. ಜೀವಗಳು ಹೋದವು. ಇಂಥ ಹೊತ್ತಿನಲ್ಲಿ ಯಾರ ಪಾಪ, ಯಾರ ಶಾಪ ಎಂಬ ಮಾತು ಸುಲಭವಾಗಿ ಹುಟ್ಟುತ್ತದೆ. ಕೇಳಬೇಕಾದ್ದು ಬೇರೆ. ಎಷ್ಟು ಮಳೆ ಬಿತ್ತು? ಗುಡ್ಡವನ್ನು ಎಷ್ಟು ಕಡಿದಾಗಿ ಕತ್ತರಿಸಿದ್ದರು? ಒಳಗೆ ಇಳಿದ ನೀರು ಹೊರಹೋಗಲು ದಾರಿ ಇತ್ತೇ? ಪಾಪದ ಮೇಲೆ ಹಾಕಿದರೆ ಈ ಪ್ರಶ್ನೆಗಳಿಗೆ ಯಾರೂ ಉತ್ತರ ಕೊಡಬೇಕಾಗಿಲ್ಲ. ಮುಂದಿನ ಮಳೆಗಾಲದಲ್ಲಿ ಇನ್ನೊಂದು ಗುಡ್ಡ ಬೀಳುತ್ತದೆ.

76ನೇ ವಯಸ್ಸಿನಲ್ಲಿ ವಿಜ್ಞಾನದ ಪುಸ್ತಕ

ಅರವತ್ತು ದಾಟಿದ ಮೇಲೆ ಟ್ಯಾಗೋರ್ ಚಿತ್ರ ಬರೆಯಲು ಹಿಡಿದರು. ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲುಗಳನ್ನು ಸೇರಿಸುತ್ತ ಹೋದಾಗ ಅದರಲ್ಲಿ ಹಕ್ಕಿ, ಮುಖ, ವಿಚಿತ್ರ ಪ್ರಾಣಿ ಕಂಡವು. 1930ರಲ್ಲಿ ಪ್ಯಾರಿಸ್‌ನಲ್ಲಿ ಅವರ ಚಿತ್ರಪ್ರದರ್ಶನ ನಡೆಯಿತು. ಚಿತ್ರಗಳ ಬಣ್ಣ ಪರಿಶೀಲಿಸಿದ ಸಂಶೋಧಕರು, ಅವರಿಗೆ ಕೆಂಪು ಮತ್ತು ಹಸಿರು ಬಣ್ಣ ಬೇರ್ಪಡಿಸಿ ನೋಡುವುದರಲ್ಲಿ ತೊಂದರೆ ಇದ್ದಿರಬಹುದು ಎಂದು ಅಭಿಪ್ರಾಯಪಟ್ಟಿದ್ದಾರೆ. ಶಂಕುಕೋಶಗಳಲ್ಲಿನ ವ್ಯತ್ಯಾಸದಿಂದ ಬರುವ ಈ ಸ್ಥಿತಿ ಗಂಡಸರಲ್ಲಿ ಹೆಚ್ಚು.

ಅದೇ 1930ರ ಜುಲೈನಲ್ಲಿ ಬರ್ಲಿನ್ ಹತ್ತಿರದ ಕಾಪುಟ್‌ನಲ್ಲಿ ಐನ್‌ಸ್ಟೈನ್ ಅವರನ್ನು ಭೇಟಿಯಾದರು. ಮನುಷ್ಯ ಇಲ್ಲದಿದ್ದರೂ ಸತ್ಯ ಇರುತ್ತದೆಯೇ ಎಂದು ಇಬ್ಬರೂ ವಾದಿಸಿದರು. ಇರುತ್ತದೆ ಎಂದು ಐನ್‌ಸ್ಟೈನ್, ಮನುಷ್ಯನ ಅನುಭವದ ಹೊರಗೆ ಸತ್ಯಕ್ಕೆ ಅರ್ಥವಿಲ್ಲ ಎಂದು ಟ್ಯಾಗೋರ್. ಯಾರೂ ಸೋಲಲಿಲ್ಲ.

1937ರಲ್ಲಿ, 76ನೇ ವಯಸ್ಸಿನಲ್ಲಿ, ವಿಶ್ವಪರಿಚಯ ಎಂಬ ವಿಜ್ಞಾನದ ಪುಸ್ತಕ ಪ್ರಕಟಿಸಿದರು. ಪರಮಾಣು, ನಕ್ಷತ್ರ, ಸೂರ್ಯ, ಗ್ರಹಗಳು, ಭೂಮಿ ಎಲ್ಲವನ್ನೂ ಸಾಮಾನ್ಯ ಓದುಗರಿಗೆ ತಿಳಿಯುವ ಬಂಗಾಳಿಯಲ್ಲಿ ವಿವರಿಸಿದರು. ಪುಸ್ತಕ ಅರ್ಪಿಸಿದ್ದು ಭೌತವಿಜ್ಞಾನಿ ಸತ್ಯೇಂದ್ರನಾಥ ಬೋಸ್ ಅವರಿಗೆ. ಬೋಸಾನ್ ಎಂಬ ಕಣಗಳಿಗೆ ಹೆಸರು ಬಂದದ್ದು ಇವರಿಂದಲೇ. ಮುನ್ನುಡಿಯಲ್ಲಿ ರವಿವಾರದ ಸೀತಾನಾಥ ದತ್ತರೂ ಡಾಲ್‌ಹೌಸಿಯ ನಕ್ಷತ್ರಗಳೂ ಬರುತ್ತವೆ. ತಾನು ವಿಜ್ಞಾನಿ ಅಲ್ಲ, ಆದರೆ ವಿಜ್ಞಾನದ ರುಚಿ ಬಿಟ್ಟಿಲ್ಲ ಎಂದು ಅವರು ಒಪ್ಪಿಕೊಂಡರು. 1941ರ ಆಗಸ್ಟ್ 7ರಂದು, ತಾವು ಹುಟ್ಟಿದ ಜೋರಾಸಾಂಕೊ ಮನೆಯಲ್ಲೇ ತೀರಿಕೊಂಡರು.

ಟ್ಯಾಗೋರ್ ಬಗ್ಗೆ ಓಡಾಡುವ ಸುದ್ದಿ: ಯಾವುದು ನಿಜ?

• ಯುನೆಸ್ಕೊ ಜನಗಣಮನವನ್ನು ಜಗತ್ತಿನ ಅತ್ಯುತ್ತಮ ರಾಷ್ಟ್ರಗೀತೆ ಎಂದು ಘೋಷಿಸಿದೆ. ಸುಳ್ಳು. ಯುನೆಸ್ಕೊ ಅಂಥ ಘೋಷಣೆ ಮಾಡಿಲ್ಲ. 2008ರಿಂದ ಇದು ಇಮೇಲ್, ವಾಟ್ಸಾಪ್‌ಗಳಲ್ಲಿ ತಿರುಗುತ್ತಲೇ ಇದೆ.

• ಜನಗಣಮನ ಬರೆದದ್ದು ಬ್ರಿಟಿಷ್ ದೊರೆಯನ್ನು ಹೊಗಳಲು. ತಪ್ಪು. ಮೊದಲು ಹಾಡಿದ್ದು 1911ರ ಡಿಸೆಂಬರ್ 27ರಂದು, ಕೋಲ್ಕತ್ತಾ ಕಾಂಗ್ರೆಸ್ ಅಧಿವೇಶನದಲ್ಲಿ. ದೊರೆಯನ್ನು ಸ್ವಾಗತಿಸಿ ಅಲ್ಲಿ ಹಾಡಿದ್ದು ಬೇರೆಯೇ ಒಂದು ಹಿಂದಿ ಹಾಡು. ಆಗಿನ ಕೆಲವು ಇಂಗ್ಲಿಷ್ ಪತ್ರಿಕೆಗಳು ಎರಡನ್ನೂ ಬೆರೆಸಿ ವರದಿ ಮಾಡಿದವು. ಟ್ಯಾಗೋರ್ ಸ್ವತಃ 1937ರಲ್ಲಿ ಇದನ್ನು ಅಲ್ಲಗಳೆದರು.

• ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡದ ನಂತರ ನೊಬೆಲ್ ವಾಪಸು ಮಾಡಿದರು. ತಪ್ಪು. 1919ರಲ್ಲಿ ಅವರು ಬಿಟ್ಟುಕೊಟ್ಟದ್ದು ಬ್ರಿಟಿಷರು ಕೊಟ್ಟ ಸರ್ ಬಿರುದು. 1913ರ ನೊಬೆಲ್ ಪದಕ ಶಾಂತಿನಿಕೇತನದಲ್ಲೇ ಇತ್ತು. 2004ರಲ್ಲಿ ಅದು ಕಳುವಾಯಿತು.

• ಕಾರವಾರದಲ್ಲಿ ಗೀತಾಂಜಲಿ ಬರೆದರು. ತಪ್ಪು. ಬರೆದದ್ದು ಪ್ರಕೃತಿರ್ ಪ್ರತಿಶೋಧ್.

ನೀವೂ ಮಾಡಬಹುದು

ಮುಂದಿನ ಸಲ ಕಾರವಾರ ಅಥವಾ ಅಂಕೋಲಾದ ಕಡಲತೀರಕ್ಕೆ ಹೋದಾಗ ಸಂಜೆ ಗಾಳಿಮರದ ಕೆಳಗೆ ಹತ್ತು ನಿಮಿಷ ನಿಲ್ಲಿ. ಗಾಳಿ ಯಾವ ಕಡೆಯಿಂದ ಬರುತ್ತಿದೆ, ಸದ್ದು ಯಾವಾಗ ಏರಿತು, ಯಾವಾಗ ನಿಂತಿತು ಎಂದು ಗಮನಿಸಿ. ಜೊತೆಗೆ ಮಗು ಇದ್ದರೆ ಮೊದಲು ಅದರ ಊಹೆ ಕೇಳಿ, ಆಮೇಲೆ ಕಾರಣ ಹೇಳಿ. ಚಿಪ್ಪು, ಕಲ್ಲು ಆರಿಸಿ ತಂದರೆ ಬೈಯಬೇಡಿ, ಒಂದೊಂದಾಗಿ ನೋಡಿ.

ಹಾಗೆಯೇ ಫೋನಿಗೆ ಬೆರಗಿನ ಸುದ್ದಿಯೊಂದು ಬಂದರೆ, ಮುಂದೆ ಕಳಿಸುವ ಮೊದಲು ಇದು ಹೇಗೆ ಸಾಧ್ಯ ಎಂದು ಒಮ್ಮೆ ಕೇಳಿಕೊಳ್ಳಿ. ಮಕ್ಕಳು ದಿನಕ್ಕೆ ನೂರು ಸಲ ಕೇಳುವ ಪ್ರಶ್ನೆ ಅದು. ಅದನ್ನು ಕೇಳುವುದನ್ನು ನಿಲ್ಲಿಸಿದ ದಿನದಿಂದಲೇ ಸುಳ್ಳು ಸುದ್ದಿ ನಮ್ಮನ್ನು ಸುಲಭವಾಗಿ ಮೋಸ ಮಾಡಲು ಶುರುಮಾಡುತ್ತದೆ.